ಮರೆವಿನ ಹಿರಿಯರ ಜೊತೆ ಮಕ್ಕಳು

ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಹಿರಿಯರನ್ನೂ ಚಿಕ್ಕ ಮಕ್ಕಳನ್ನೂ ಗೊತ್ತಾದ ಹೊತ್ತಿಗೆ ಒಂದೆಡೆ ಕೂಡಿಸಿ, ಹಾಡು, ಆಟ, ಕೈಕೆಲಸಗಳಲ್ಲಿ ತೊಡಗಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 2000ದಲ್ಲಿ ಆರಂಭವಾದ ಇಂಟರ್‌ಜನರೇಷನಲ್ ಸ್ಕೂಲಿನಲ್ಲಿ ಇಂಥ ಹಿರಿಯರೂ ಮಕ್ಕಳ ಓದಿಗೆ ಜೊತೆಯಾದರು. ಮನಶ್ಶಾಸ್ತ್ರಜ್ಞ ಕ್ಯಾಮೆರಾನ್ ಕ್ಯಾಂಪ್ ಮಾಂಟೆಸ್ಸರಿ ವಿಧಾನವನ್ನು ಹಿರಿಯರಿಗೆ ಹೊಂದಿಸಿ, ಅವರೇ ಮಕ್ಕಳಿಗೆ ಕಲಿಸುವಂತೆ ಮಾಡಿದರು.

ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು ಶೇ. 7.4ರಷ್ಟು, ಅಂದರೆ 88 ಲಕ್ಷ ಮಂದಿಗೆ ಈ ಕಾಯಿಲೆ ಇದೆ ಎಂಬುದು ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಆದರೆ ಆರೈಕೆಯ ಕೇಂದ್ರಗಳಿರುವುದು ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂತೆ ಬಹುಮಟ್ಟಿಗೆ ನಗರಗಳಲ್ಲೇ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಉಡಿಗಾಲದಂಥ ಊರುಗಳಲ್ಲಿ ಆರೈಕೆಯ ಹೊರೆ ಮನೆಯವರದು. ಅಲ್ಲಿ ಅಜ್ಜಿಯೂ ಮೊಮ್ಮಗಳೂ ಒಂದೇ ಜಗಲಿಯ ಮೇಲೆ ಕೂರುವುದು ಹೊಸದೇನಲ್ಲ. ಕೂತು ಏನು ಮಾಡುತ್ತಾರೆ ಎಂಬುದಷ್ಟೇ ಪ್ರಶ್ನೆ.

ಹಿರಿಯರನ್ನೂ ಮಕ್ಕಳನ್ನೂ ಕೂಡಿಸುವ ಪದ್ಧತಿಯ ಬಲ ಕಾಯಿಲೆಯ ಸ್ವಭಾವದಲ್ಲೇ ಇದೆ. ಸಾಮಾನ್ಯವಾಗಿ ಮೊದಲು ಅಳಿಸುವುದು ಇತ್ತೀಚಿನ ನೆನಪು. ಕೈಗೆ ಪಳಗಿದ ಕೆಲಸ, ಲಯದಲ್ಲಿ ಕೂತ ಹಾಡು ಬಹುಕಾಲ ಉಳಿಯುತ್ತವೆ. ಬೆಳಿಗ್ಗೆ ಉಂಡದ್ದು ಮರೆತ ಅಜ್ಜಿಗೆ ಅವರೆಕಾಯಿ ಬಿಡಿಸುವುದು, ಹೂ ಕಟ್ಟುವುದು, ಸೋಬಾನೆಯ ಮುಂದಿನ ಸೊಲ್ಲು ಎತ್ತುವುದು ಸಾಧ್ಯವಾಗಬಹುದು. ಕಂಸಾಳೆಯವರೂ ನೀಲಗಾರರೂ ಮಾದಪ್ಪನ, ಮಂಟೇಸ್ವಾಮಿಯ ಕತೆಗಳನ್ನು ರಾತ್ರಿಯಿಡೀ ನೆನಪಿನಿಂದಲೇ ಹಾಡುವ ಈ ಸೀಮೆಯಲ್ಲಿ ಹಾಗೆ ಕೇಳಿ ಕಲಿತದ್ದರ ಗಂಟು ದೊಡ್ಡದು. ಹೇಳಿದ್ದನ್ನೇ ಹೇಳಿದರೆ ದೊಡ್ಡವರು ರೇಗುತ್ತಾರೆ. ಮಗುವಾದರೋ ಅದೇ ಕತೆಯನ್ನು ಇನ್ನೊಮ್ಮೆ ಹೇಳು ಎಂದು ಕಾಡುತ್ತದೆ.

ಮಿತಿಗಳೂ ಇವೆ. ಇದುವರೆಗಿನ ಅಧ್ಯಯನಗಳು ಹೆಚ್ಚಾಗಿ ಸಣ್ಣ ಗುಂಪುಗಳವು. ಜೊತೆಗಿದ್ದಷ್ಟು ಹೊತ್ತು ಹಿರಿಯರ ಮುಖ ಅರಳುತ್ತದೆ, ಆಸಕ್ತಿ ಹೆಚ್ಚುತ್ತದೆ ಎಂದು ಅವು ತೋರಿಸಿವೆ. ಕಾಯಿಲೆ ನಿಧಾನವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹಬ್ಬಕ್ಕೊಮ್ಮೆ ಬಂದು ಹಣ್ಣು ಕೊಟ್ಟು ಫೋಟೊ ತೆಗೆಸಿಕೊಂಡು ಹೋಗುವ ಶಾಲಾ ಭೇಟಿಗಳಲ್ಲಿ ಹಿರಿಯರು ಬರೀ ಕೈಯೊಡ್ಡುವವರಾಗಿ ಉಳಿಯುತ್ತಾರೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯ ನೆರಳಲ್ಲಿ ಅವರನ್ನು ಮಕ್ಕಳಂತೆ ಮುದ್ದಿಸುವುದೂ ಅವಮಾನವೇ. ಗದ್ದಲದಿಂದ ಅವರಿಗೆ ದಿಗಿಲಾಗಬಹುದು. ಸಂಜೆ ಕವಿದಂತೆ ಕೆಲವರ ತಳಮಳ ಹೆಚ್ಚುತ್ತದೆ. ಅಜ್ಜಿ ಹೆಸರು ಮರೆತರೆ, ಗದರಿದರೆ ಅದು ಕಾಯಿಲೆಯ ಗುಣ ಎಂದು ಮಗುವಿಗೆ ಮೊದಲೇ ತಿಳಿಸದಿದ್ದರೆ ಮಗು ಹೆದರಿ ದೂರ ಸರಿಯುತ್ತದೆ. ಹೊಲಕ್ಕೆ ಹೊರಟ ಮನೆಯವರು ಅಜ್ಜಿಯನ್ನು ಕಾಯಲು ಮೊಮ್ಮಗಳನ್ನು ಬಿಟ್ಟುಹೋದರೆ, ಅದು ಒಡನಾಟವಾಗದೆ ಎಳೆಯ ಹೆಗಲಿನ ಹೊರೆಯಾಗುತ್ತದೆ.

ಹೀಗಾಗಿ ಪದ್ಧತಿ ಫಲಿಸುವುದು ಸಣ್ಣ ಅಳತೆಯಲ್ಲಿ: ಬೆಳಗಿನ ಹೊತ್ತು, ಎರಡು ಮೂರು ಮಕ್ಕಳು, ಅರ್ಧ ಗಂಟೆ, ಅದೇ ಜಾಗ, ಅವೇ ಮುಖಗಳು, ಪಕ್ಕದಲ್ಲಿ ಒಬ್ಬರು ದೊಡ್ಡವರು. 3ರಿಂದ 6 ವರ್ಷದ ಮಕ್ಕಳು ದಿನವೂ ಸೇರುವ ಅಂಗನವಾಡಿ ಹಳ್ಳಿಯಲ್ಲಿ ಇದಕ್ಕೆ ತಕ್ಕ ಜಾಗ. ಆದರೆ ಕಾರ್ಯಕರ್ತೆಯ ಮೇಲೆ ಈಗಾಗಲೇ ಇರುವ ಕೆಲಸಕ್ಕೆ ಇದನ್ನೂ ಸೇರಿಸದೆ, ಹಿರಿಯರ ಮನೆಯವರೊಬ್ಬರು ಜೊತೆಗೆ ಬರಬೇಕು. ಇಂಥ ಕೂಟದ ಗುಣವನ್ನು ಅಳೆಯಬೇಕಾದದ್ದು ಎಷ್ಟು ಮಕ್ಕಳು ಬಂದರು ಎಂಬುದರಿಂದಲ್ಲ, ಮಗುವಿಗೆ ಕೊಡಲು ಹಿರಿಯರ ಕೈಯಲ್ಲಿ ಏನಾದರೂ ಇತ್ತೇ ಎಂಬುದರಿಂದ.