ಊಟಕ್ಕಿಲ್ಲದ ಉಪ್ಪಿನಕಾಯಿ: ‘ದಿ ರೈನ್‌ಮೇಕರ್’ ಚಿತ್ರ ನೋಡಿ

ವೈದ್ಯರು ವಕೀಲರ ಚಿತ್ರವನ್ನು ಹೊಗಳುವುದೆಂದರೆ ಇಲಿ ಬೆಕ್ಕಿಗೆ ಹಾರ ಹಾಕಿದಂತೆ ಎಂದು ನಮ್ಮ ಮನೆಯವರು ನಕ್ಕರು. ಆದರೂ ಹೊಗಳದೆ ವಿಧಿಯಿಲ್ಲ.

ಜಾನ್ ಗ್ರಿಶಮ್ ಅವರ ಕಾದಂಬರಿಯನ್ನು ಆಧರಿಸಿ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಈ ಚಿತ್ರ ತೆಗೆದದ್ದು 1997ರಲ್ಲಿ. ಆಗ ನಮಗೆ ರೆಸಿಡೆನ್ಸಿಯ ದಿನಗಳು. ರಾತ್ರಿ ಪಾಳಿ ಮುಗಿಸಿ ಥಿಯೇಟರಿಗೆ ಹೋಗಿ ಅರ್ಧದಲ್ಲೇ ನಿದ್ದೆ ಹೋಗಿದ್ದೆವು. ಮೊನ್ನೆ ಮನೆಯಲ್ಲಿ ಕೂತು ಪೂರ್ತಿ ನೋಡಿದೆವು.

ಕಥೆ ಮೆಂಫಿಸ್ ನಗರದ್ದು. ಆಗತಾನೆ ಲಾ ಕಾಲೇಜಿನಿಂದ ಹೊರಬಿದ್ದ ರೂಡಿ (ಮ್ಯಾಟ್ ಡೇಮನ್), ಬಾರ್ ಪರೀಕ್ಷೆ ಎಷ್ಟು ಸಲ ಕಟ್ಟಿದರೂ ಪಾಸಾಗದ ಡೆಕ್ (ಡ್ಯಾನಿ ಡಿವಿಟೊ), ಇಬ್ಬರೂ ಸೇರಿ ಒಂದು ವಿಮಾ ಕಂಪನಿಯ ಮೇಲೆ ದಾವೆ ಹೂಡುತ್ತಾರೆ. ಡಾಟ್ ಬ್ಲ್ಯಾಕ್ ಎಂಬ ಬಡ ತಾಯಿಯ ಮಗನಿಗೆ ರಕ್ತದ ಕ್ಯಾನ್ಸರ್. ಅಸ್ಥಿಮಜ್ಜೆಯ ಕಸಿ ಮಾಡಿದರೆ ಉಳಿಯಬಹುದು. ಕಂತು ತಪ್ಪದೆ ಕಟ್ಟಿದ ಆಕೆಗೆ ಕಂಪನಿಯಿಂದ ಬಂದದ್ದು ನಿರಾಕರಣೆಯ ಪತ್ರಗಳು. ಎಂಟನೆಯದರಲ್ಲಂತೂ ಆಕೆಯನ್ನು ಮೂರು ಸಲ ದಡ್ಡಿ ಎಂದು ಬರೆದಿದ್ದಾರೆ. ಹುಡುಗನ ಮೂಗಿನಿಂದ ರಕ್ತ ಸೋರುವ ದೃಶ್ಯ ಬಂದಾಗ ನಮ್ಮ ಕೈ ತಾನಾಗಿಯೇ ಪ್ಲೇಟ್‌ಲೆಟ್ ಲೆಕ್ಕ ಹಾಕತೊಡಗಿತು. ಕಸುಬಿನ ದೋಷ!

ಚಿತ್ರದ ನಿಜವಾದ ಖಳನಾಯಕ ಜಾನ್ ವಾಯ್ಟ್ ಆಡಿದ ಕಂಪನಿ ವಕೀಲನಲ್ಲ, ಆತ ಬಾಡಿಗೆಯ ನಾಲಿಗೆ. ಖಳನಾಯಕ ಒಂದು ಕೈಪಿಡಿ. ಕೋರ್ಟಿಗೆ ಒಪ್ಪಿಸಿದ ಪ್ರತಿಯಲ್ಲಿ ಅದರ ‘ಯು’ ವಿಭಾಗವೇ ನಾಪತ್ತೆ. ಬಂದ ಕ್ಲೇಮನ್ನೆಲ್ಲ ಮೊದಲು ತಿರಸ್ಕರಿಸಿ ಎಂಬುದೇ ಮೇಲಿನವರ ಆಜ್ಞೆ. ಬಡವರಲ್ಲಿ ವಕೀಲರ ಬಳಿ ಹೋಗುವವರೆಷ್ಟು ಮಂದಿ ಎಂಬುದೇ ಅವರ ಲೆಕ್ಕಾಚಾರ. ಈ ಗುಟ್ಟನ್ನು ಸಾಕ್ಷಿಕಟ್ಟೆಯಲ್ಲಿ ಒಡೆಯುವ ಮಾಜಿ ಗುಮಾಸ್ತೆ ಜಾಕಿಯ (ವರ್ಜೀನಿಯಾ ಮ್ಯಾಡ್ಸನ್) ಪಾತ್ರ ಕೆಲವೇ ನಿಮಿಷದ್ದು. ನಮ್ಮ ಮಟ್ಟಿಗೆ ಚಿತ್ರದ ಜೀವ ಆಕೆಯೇ.

ಏಕೆಂದರೆ ಆಕೆಯ ಸ್ಥಾನದಲ್ಲಿ ಇರುವವರೊಡನೆ ನಾವು ಮಾತನಾಡಿದ್ದೇವೆ. ಒಮ್ಮೆ ಒಬ್ಬ ರೋಗಿಯ ಸ್ಕ್ಯಾನಿಗೆ ಅನುಮತಿ ಕೇಳಿ ನಲವತ್ತು ನಿಮಿಷ ಫೋನು ಹಿಡಿದು ನಿಂತಿದ್ದೆವು. ಆ ಕಡೆಯ ಹುಡುಗಿ ನಮ್ಮ ಹೆಸರಿನ ಅಕ್ಷರಗಳನ್ನು ನಾಲ್ಕು ಸಲ ಬಿಡಿಸಿ ಹೇಳಿಸಿಕೊಂಡಳು. ಸೌಜನ್ಯಕ್ಕೇನೂ ಕೊರತೆಯಿಲ್ಲ. ಎದುರಿಗಿದ್ದುದನ್ನು ಓದಿ, ಇಲ್ಲ ಎಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಇನ್ನು ಕುಂದುಗಳು. ಗಂಡನಿಂದ ಏಟು ತಿನ್ನುವ ಕೆಲ್ಲಿಯ ಉಪಕಥೆ ಬೇರೆಯದೇ ಚಿತ್ರಕ್ಕೆ ಸೇರಿದ್ದು (ಚಿಕ್ಕ ಮಕ್ಕಳೊಡನೆ ನೋಡುವವರು ಆ ಹೊಡೆದಾಟದ ಬಗ್ಗೆ ಎಚ್ಚರವಿರಲಿ). ಕಂಪನಿಯ ಪರ ವಾಲಿದ ನ್ಯಾಯಾಧೀಶ ಸರಿಯಾದ ಸಮಯಕ್ಕೆ ಸತ್ತು ಒಳ್ಳೆಯ ನ್ಯಾಯಾಧೀಶ ಬರುವುದು ನಮ್ಮ ಹಳೆಯ ಪೌರಾಣಿಕ ನಾಟಕಗಳನ್ನೂ ನಾಚಿಸುತ್ತದೆ.

ದೊಡ್ಡ ಆಕ್ಷೇಪಣೆ ಬೇರೆ ಇದೆ. ಚಿತ್ರ ತನ್ನ ಹಾದಿಯನ್ನು ಸುಲಭ ಮಾಡಿಕೊಂಡಿದೆ. ಅಸ್ಥಿಮಜ್ಜೆಯ ಕಸಿಗಾಗಿ ಡಾ. ಡೊನಾಲ್ ಥಾಮಸ್ ಅವರಿಗೆ 1990ರಲ್ಲೇ ನೊಬೆಲ್ ಬಂದಿತ್ತು. ರಕ್ತದ ಕ್ಯಾನ್ಸರಿಗೆ ಅದನ್ನು ನಿರಾಕರಿಸುವುದು ಬರಿಯ ದುಷ್ಟತನ. ಆದರೆ 1993ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿಯೊಂದು ಸ್ತನದ ಕ್ಯಾನ್ಸರಿಗೆ ಇಂಥದೇ ಚಿಕಿತ್ಸೆ ನಿರಾಕರಿಸಿದ ಸಂಸ್ಥೆಯ ಮೇಲೆ 89 ಮಿಲಿಯನ್ ಡಾಲರ್ ಹೊರಿಸಿತು. ರೋಗಿ ಆ ಹೊತ್ತಿಗೆ ತೀರಿಕೊಂಡಿದ್ದರು. 1999ರಲ್ಲಿ ಸಂಶೋಧನೆಗಳ ಫಲಿತಾಂಶ ಬಂದಾಗ ಆ ಚಿಕಿತ್ಸೆ ಸಾಮಾನ್ಯ ಚಿಕಿತ್ಸೆಗಿಂತ ಮೇಲಲ್ಲವೆಂದು ಹೆಚ್ಚಿನವು ಹೇಳಿದವು. ಮೇಲೆಂದ ದಕ್ಷಿಣ ಆಫ್ರಿಕಾದ ಅಧ್ಯಯನ ಮರುವರ್ಷ ಸುಳ್ಳೆಂದು ಬಯಲಾಯಿತು. ಅಂಥ ಕಡೆ ಇಲ್ಲ ಎನ್ನುವವನು ಕಳ್ಳನೋ ಸಾಚಾನೋ? ಆ ಕಷ್ಟದ ಪ್ರಶ್ನೆಯನ್ನು ಚಿತ್ರ ಮುಟ್ಟುವುದಿಲ್ಲ.

ಕೊನೆಗೆ ಜ್ಯೂರಿ 50 ಮಿಲಿಯನ್ ಡಾಲರ್ ದಂಡ ಹಾಕುತ್ತದೆ, ಕಂಪನಿ ದಿವಾಳಿ, ಯಾರ ಕೈಗೂ ಕಾಸಿಲ್ಲ. ಇದನ್ನು ನೋಡಿ ಮಿತ್ರರೊಬ್ಬರು, ‘ನಮಗೆ ಹೀಗಾದರೆ ನಾವೂ ಬಿಡೋದಿಲ್ಲ ಡಾಕ್ಟ್ರೇ’ ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇವೆ. ಡಾಟ್‌ಳ ವಿಮೆ ಆಕೆಯೇ ಕೊಂಡದ್ದು. ನಮ್ಮ ಬಳಗದ ಬಹುಪಾಲು ಸಂಸಾರಗಳದು ಖಾಸಗಿ ನೌಕರಿಯ ಮೂಲಕ ಬಂದ ವಿಮೆ. ಅದಕ್ಕೆ 1974ರ ಎರಿಸಾ ಎಂಬ ಕಾನೂನು ಅನ್ವಯಿಸುತ್ತದೆ. 1987ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ ಅಲ್ಲಿ ಇಂಥ ದಂಡ ಕೇಳುವಂತಿಲ್ಲ. ಗೆದ್ದರೂ ಸಿಗುವುದು ಹೆಚ್ಚುಕಡಿಮೆ ನಿರಾಕರಿಸಿದ ಚಿಕಿತ್ಸೆಯ ಖರ್ಚು, ವಕೀಲರ ಶುಲ್ಕ. ರೋಗಿಯೇ ಉಳಿಯದಿದ್ದರೆ ಅದೂ ಎಷ್ಟರದು!

ಮಿತ್ರರು ಸುಮ್ಮನಾದರು. ಆ ಸ್ಕ್ಯಾನಿನ ದಿನ ನಾವು ಮಾಡಿದ್ದೇನೆಂದು ಅವರು ಕೇಳಲಿಲ್ಲ. ‘ಅನುಮತಿ ದೊರೆಯಲಿಲ್ಲ’ ಎಂದು ಫೈಲಿನಲ್ಲಿ ಬರೆದು, ಮುಂದಿನ ರೋಗಿಯನ್ನು ಒಳಗೆ ಕರೆದಿದ್ದೆವು.