ಬಿಟ್ಟಿ ಟೆಂಪ್ಲೇಟಿಗೆ ಬಂದ ಅಪವಾದ

ವೆಬ್‌ಸೈಟ್ ಕಟ್ಟುವವರಲ್ಲಿ ಎರಡು ಮಾತು ಬಹುಕಾಲದಿಂದ ಚಾಲ್ತಿಯಲ್ಲಿವೆ. ಹಳೆಯ ಬ್ರೌಸರ್ ಇಟ್ಟುಕೊಂಡವನು ಸೋಮಾರಿ, ಅವನಿಗಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬ್ಲಾಗರ್, ವರ್ಡ್‌ಪ್ರೆಸ್‌ಗಳ ಬಿಟ್ಟಿ ಟೆಂಪ್ಲೇಟಿನಲ್ಲಿ ಬರೆಯುವವನು ಹವ್ಯಾಸಿ, ಅವನ ಪುಟವನ್ನು ವಿನ್ಯಾಸ ಎಂದು ಕರೆಯಬೇಕಿಲ್ಲ. ಬೆಂಗಳೂರಿನಂತೆಯೇ ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲೂ ಇದು ಸಾಮಾನ್ಯ ಅಭಿಪ್ರಾಯ. ಹೊರದೇಶದ ಗಿರಾಕಿಗಳಿಗೆ ಸೈಟ್ ಮಾಡಿಕೊಡುವ ಸಣ್ಣ ಕಂಪನಿಗಳು ಈ ಮೂರೂ ಊರುಗಳಲ್ಲಿ ಬೇಕಾದಷ್ಟಿವೆ. ಆದರೆ ಈ ಎರಡೂ ಮಾತುಗಳನ್ನು ಸುಳ್ಳು ಮಾಡುವ ಉದಾಹರಣೆಗಳೂ ಅದೇ ಊರುಗಳಲ್ಲಿವೆ.

ಡೆವಲಪರುಗಳ ಸಂಕಟ ನಿಜವಾದದ್ದು ಎಂಬುದನ್ನು ಮೊದಲೇ ಒಪ್ಪಿಬಿಡೋಣ. 2001ರ ಆಗಸ್ಟಿನಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಉತ್ತರಾಧಿಕಾರಿ ಬಂದದ್ದು 2006ರ ಅಕ್ಟೋಬರಿನಲ್ಲಿ. ಆ ಆರನೆಯ ಆವೃತ್ತಿಯಲ್ಲಿ ಫ್ಲೋಟ್ ಮಾಡಿದ ಡಬ್ಬಿಯ ಮಾರ್ಜಿನ್ ಇಮ್ಮಡಿಯಾಗುತ್ತಿತ್ತು, ಪಾರದರ್ಶಕ ಪಿಎನ್‌ಜಿ ಚಿತ್ರದ ಹಿಂದೆ ಬೂದು ಬಣ್ಣ ತುಂಬಿಕೊಳ್ಳುತ್ತಿತ್ತು. ಬೇರೆಲ್ಲ ಬ್ರೌಸರುಗಳಲ್ಲಿ ಸರಿಬಂದ ಪುಟವನ್ನು ಅದೊಂದಕ್ಕಾಗಿ ಕಂಡಿಷನಲ್ ಕಾಮೆಂಟು ಹಾಕಿ ಮತ್ತೆ ತಿದ್ದಬೇಕಿತ್ತು. ಸುರಕ್ಷತೆಯ ದೃಷ್ಟಿಯಿಂದಲೂ ಅದು ತೂತು ಬಿದ್ದ ತಂತ್ರಾಂಶ. ಗೂಗಲ್ 2010ರ ಮಾರ್ಚಿನಲ್ಲಿ ಅದಕ್ಕೆ ಬೆಂಬಲ ನಿಲ್ಲಿಸತೊಡಗಿತು. ಮರುವರ್ಷ ಮೈಕ್ರೋಸಾಫ್ಟೇ ಅದನ್ನು ಬಿಟ್ಟುಬಿಡಿ ಎಂದು ಪ್ರಚಾರಕ್ಕಿಳಿಯಿತು. ಬ್ರೌಸರ್ ಕೆಟ್ಟದ್ದಾಗಿತ್ತು, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ಬಳಸುವವನ ಮೇಲೆ ಹೊರಿಸಿದ ಆರೋಪದ ಬಗ್ಗೆ.

ಅವನು ಅದನ್ನು ಯಾಕೆ ಬಿಡಲಿಲ್ಲ? ಸೈಬರ್ ಕೆಫೆಗಳಲ್ಲಿ, ಬೀದಿಯಂಗಡಿಯಲ್ಲಿ ಜೋಡಿಸಿದ ಕಂಪ್ಯೂಟರುಗಳಲ್ಲಿ ಓಡುತ್ತಿದ್ದ ವಿಂಡೋಸ್ ಎಕ್ಸ್‌ಪಿ ಎಷ್ಟೋ ಕಡೆ ಕಳ್ಳಪ್ರತಿ. ಅಸಲಿ ವಿಂಡೋಸ್ ಎಂದು ಸಾಬೀತಾಗದಿದ್ದರೆ ಎಕ್ಸ್‌ಪ್ಲೋರರ್ 7 ಇಳಿಯುತ್ತಲೇ ಇರಲಿಲ್ಲ. ಮೈಕ್ರೋಸಾಫ್ಟ್ ಆ ನಿರ್ಬಂಧವನ್ನು ತೆಗೆದದ್ದು 2007ರ ಅಕ್ಟೋಬರಿನಲ್ಲಿ. ಕಚೇರಿಗಳಲ್ಲಿ ಬೇರೆ ಕಟ್ಟು. ಡಿಜಿಟಲ್ ಸಹಿ ಹಾಕಿ ಅರ್ಜಿ, ಟೆಂಡರು ಸಲ್ಲಿಸುವ ತಾಣಗಳು ಇಂಟರ್ನೆಟ್ ಎಕ್ಸ್‌ಪ್ಲೋರರೇ ಬೇಕೆಂದು ಹಟ ಹಿಡಿಯುತ್ತಿದ್ದವು. ಆ ತಾಣಗಳನ್ನು ಬರೆದವರೂ ಡೆವಲಪರುಗಳೇ. ಬಳಕೆದಾರನನ್ನು ಕಟ್ಟಿಹಾಕಿದ ಕಸುಬೇ ಅವನು ಕದಲುವುದಿಲ್ಲ ಎಂದು ದೂರಿತು.

ನಮ್ಮ ಭಾಷೆಗಳ ಓದುಗನಿಗೆ ಇನ್ನೊಂದು ಕಾರಣವೂ ಇತ್ತು. ಗುಜರಾತಿಗೆ ಶ್ರುತಿ, ಕನ್ನಡಕ್ಕೆ ತುಂಗಾ, ಈ ಯೂನಿಕೋಡ್ ಫಾಂಟುಗಳು ಎಕ್ಸ್‌ಪಿಯ ಜೊತೆಗೇ ಬಂದಿದ್ದವು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಸಿ.ಡಿ. ಹಾಕಿ ಒಮ್ಮೆ ಅನುಸ್ಥಾಪಿಸಿಕೊಂಡರೆ ಎಕ್ಸ್‌ಪ್ಲೋರರಿನಲ್ಲಿ ಅಕ್ಷರ ಸರಿಯಾಗಿ ಕೂಡಿಕೊಳ್ಳುತ್ತಿತ್ತು. ಡೆವಲಪರುಗಳು ಮೆಚ್ಚಿ ಶಿಫಾರಸು ಮಾಡುತ್ತಿದ್ದ ಫೈರ್‌ಫಾಕ್ಸ್‌ನಲ್ಲಾದರೋ, ಎರಡೂ ಅಂಚು ಸಮವಾಗುವಂತೆ ಜಸ್ಟಿಫೈ ಮಾಡಿದ ಭಾರತೀಯ ಲಿಪಿಯ ಪಠ್ಯ ಒಡೆದು ಚೂರಾಗುತ್ತಿತ್ತು. ಅದು ಸರಿಹೋದದ್ದು 2008ರ ಜೂನಿನಲ್ಲಿ, ಮೂರನೆಯ ಆವೃತ್ತಿ ಬಂದಮೇಲೆ. ಅಲ್ಲಿಯವರೆಗೆ ಹಳೆಯದಕ್ಕೇ ಅಂಟಿಕೊಂಡ ಓದುಗನದು ಸೋಮಾರಿತನವಲ್ಲ, ಲೆಕ್ಕಾಚಾರ.

ಇನ್ನು ಟೆಂಪ್ಲೇಟಿನ ವಿಷಯ. ಬಿಟ್ಟಿ ಸಿಕ್ಕಿದ್ದು ಕಳಪೆ ಎಂಬ ನಂಬಿಕೆಗೆ ಚರಿತ್ರೆಯ ಆಧಾರವಿಲ್ಲ. 2004ರ ಮೇ ತಿಂಗಳಲ್ಲಿ ಬ್ಲಾಗರ್ ಹೊಸ ರೂಪ ತಳೆದಾಗ ಅದರ ಟೆಂಪ್ಲೇಟುಗಳನ್ನು ರಚಿಸಿದವರಲ್ಲಿ ಡಗ್ಲಾಸ್ ಬೋಮನ್, ಡೇವ್ ಶೇ, ಜೆಫ್ರಿ ಝೆಲ್ಡ್‌ಮನ್ ಇದ್ದರು. ವೆಬ್ ಮಾನದಂಡಗಳಿಗಾಗಿ ಹೋರಾಡಿ, ಒಂದು ಪೀಳಿಗೆಯ ಡೆವಲಪರುಗಳಿಗೆ ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಕಲಿಸಿದವರು ಇವರು. ಯಾರ ಪುಸ್ತಕ, ಲೇಖನ ಓದಿ ಕಸುಬು ಕಲಿತರೋ ಅವರ ಕೈಕೆಲಸವನ್ನೇ, ಹವ್ಯಾಸಿಯೊಬ್ಬ ಬಳಸಿದ ಮಾತ್ರಕ್ಕೆ, ವಿನ್ಯಾಸವಲ್ಲ ಎಂದು ಡೆವಲಪರುಗಳು ತಳ್ಳಿಹಾಕಿದರು.

ಆ ಹವ್ಯಾಸಿಗಳು ಮಾಡಿದ್ದೇನು? ವಡೋದರಾದ ಮೃಗೇಶ್ ಶಾ 2005ರಲ್ಲಿ ‘ರೀಡ್‌ಗುಜರಾತಿ’ ಆರಂಭಿಸಿ, ಕಥೆ, ಪ್ರಬಂಧ, ಲೇಖನಗಳನ್ನು ಗುಜರಾತಿ ಓದುಗರ ಮುಂದಿಟ್ಟರು. ಸೂರತ್ತಿನ ವೈದ್ಯ, ಕವಿ ವಿವೇಕ್ ಟೇಲರ್ ಗೆಳೆಯರೊಂದಿಗೆ ‘ಲಯಸ್ತರೋ’ದಲ್ಲಿ ಕವಿತೆಗಳನ್ನು ಆಯ್ದು, ಟಿಪ್ಪಣಿ ಬರೆದು ಪ್ರಕಟಿಸುತ್ತ ಬಂದರು. ಜಿಗ್ನೇಶ್ ಅಧ್ಯಾರು ವರ್ಡ್‌ಪ್ರೆಸ್‌ನ ಬಿಟ್ಟಿ ಜಾಗದಲ್ಲಿ ಶುರುಮಾಡಿದ ಬ್ಲಾಗು ಮುಂದೆ ‘ಅಕ್ಷರನಾದ’ವಾಯಿತು. ಕನ್ನಡದ ಸಾಹಿತ್ಯ ತಾಣ ‘ಅವಧಿ’ ಕೂಡ ಅಂಥದೇ ಜಾಗದಲ್ಲಿ ಕಣ್ಣುಬಿಟ್ಟಿತು. ಒಳ್ಳೆಯ ವಿನ್ಯಾಸಕ್ಕೆ ದುಡ್ಡು ಕೂಡಿಬರಲಿ ಎಂದು ಇವರೆಲ್ಲ ಕಾದಿದ್ದರೆ, ಆ ವರ್ಷಗಳಲ್ಲಿ ಓದಲು ಸಿಕ್ಕಿದ್ದರಲ್ಲಿ ಬಹುಪಾಲು ಸಿಗುತ್ತಲೇ ಇರಲಿಲ್ಲ.

ಟೆಂಪ್ಲೇಟುಗಳಲ್ಲಿ ದೋಷವೇ ಇರಲಿಲ್ಲವೆ? ಇತ್ತು, ಅದೂ ದೊಡ್ಡದು. ಬೋಮನ್ ರಚಿಸಿದ ‘ಮಿನಿಮಾ’ ಸೊಗಸಾದ ಟೆಂಪ್ಲೇಟು; ಅದರ ಬದಿಪಟ್ಟಿಯ ಶೀರ್ಷಿಕೆಗಳಲ್ಲಿ ಅಕ್ಷರಗಳ ನಡುವೆ ಹೆಚ್ಚು ಅಂತರ ಬಿಟ್ಟಿತ್ತು. ರೋಮನ್ ದೊಡ್ಡಕ್ಷರಕ್ಕೆ ಅದು ಶೋಭೆ. ಕನ್ನಡದ ಒತ್ತಕ್ಷರ ಒಂದೇ ಗುಂಪಾಗಿ ಕೂರಬೇಕು. ಅಂತರ ಹೆಚ್ಚಿದರೆ ಪದದ ಬಿಗಿ ಸಡಿಲುತ್ತದೆ. ಇಂಗ್ಲಿಷಿನ ಅಳತೆಗೆ ಇಟ್ಟ ಸಾಲಿನ ಎತ್ತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಒಂದೆರಡು ಸಾಲು ಸಿಎಸ್‌ಎಸ್‌ನಲ್ಲಿ ಸರಿಪಡಿಸಬಹುದಾದ ಈ ದೋಷವನ್ನು ಎತ್ತಿ ಹೇಳಬೇಕಾದವರು ಡೆವಲಪರುಗಳು. ಅವರ ಟೀಕೆಯೆಲ್ಲ ‘ಬಿಟ್ಟಿ’, ‘ಎಲ್ಲರದೂ ಒಂದೇ ಥರ’ ಎಂಬಲ್ಲಿಗೇ ನಿಂತಿತು. ಅಹಮದಾಬಾದಿಗೆ ಲಿಪಿಯ ಬಗ್ಗೆ ತಿಳಿವಳಿಕೆಯ ಕೊರತೆಯೇನೂ ಇರಲಿಲ್ಲ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಿಂದ ಅಲ್ಲೇ ಇದೆ, ಭಾರತೀಯ ಲಿಪಿಗಳ ಅಕ್ಷರವಿನ್ಯಾಸವನ್ನೂ ಅಲ್ಲಿ ಕಲಿಸಿದ್ದಾರೆ. ಹೊರದೇಶಕ್ಕೆ ಸೈಟ್ ಮಾಡಿಕೊಡುವ ಕಂಪನಿಗಳ ಗಿರಾಕಿ ಇಂಗ್ಲಿಷ್ ಓದುವವನಾದ್ದರಿಂದ ಊರಿನ ಲಿಪಿ ಯಾರ ಪರೀಕ್ಷಾ ಪಟ್ಟಿಗೂ ಸೇರಲಿಲ್ಲ, ಅಷ್ಟೆ.

ಇದು ಮುಗಿದುಹೋದ ಕಾಲದ ಜಗಳವೂ ಅಲ್ಲ. 2017ರಲ್ಲಿ ರಿಲಯನ್ಸ್ 1,500 ರೂಪಾಯಿ ಠೇವಣಿಗೆ ಕೊಟ್ಟ ಜಿಯೋಫೋನ್ ಹೊಚ್ಚಹೊಸದು. ಅದರ ಕಾರ್ಯಾಚರಣ ವ್ಯವಸ್ಥೆ ಕಾಯ್‌ಓಎಸ್‌ನಲ್ಲಿದ್ದ ಬ್ರೌಸರ್ ಎಂಜಿನ್ 2016ರ ಫೈರ್‌ಫಾಕ್ಸ್ 48ರದ್ದು, ಆಮೇಲೂ ಅಲ್ಲೇ ನಿಂತಿತು. ಅದನ್ನು ಕೊಂಡವನಿಗೆ ‘ಬ್ರೌಸರ್ ಅಪ್‌ಡೇಟ್ ಮಾಡಿ’ ಎಂದು ಪಟ್ಟಿ ತೋರಿಸಿದರೆ ಅವನು ಮಾಡುವುದೇನು? ಮೊದಲು ಪಠ್ಯ, ಆಮೇಲೆ ಅಲಂಕಾರ ಎಂಬ ತತ್ವಕ್ಕೆ ವೆಬ್ ತಜ್ಞರು 2003ರಲ್ಲೇ ಪ್ರೋಗ್ರೆಸಿವ್ ಎನ್‌ಹಾನ್ಸ್‌ಮೆಂಟ್ ಎಂದು ಹೆಸರಿಟ್ಟರು. ಆ ತತ್ವ ಪಾಲಿಸಿದ ಪುಟ ಬಹುತೇಕ ಹಳೆಯ ಯಂತ್ರಗಳಲ್ಲೂ ಓದಲಿಕ್ಕೆ ಸಿಗುತ್ತದೆ, ಸುರಕ್ಷತೆಯ ವಾದಕ್ಕೂ ಅಡ್ಡಬರುವುದಿಲ್ಲ. ಆದ್ದರಿಂದ ಸೈಟಿನ ಪರೀಕ್ಷೆ ಶುರುವಾಗಬೇಕಾದದ್ದು ಅಗ್ಗದ ಫೋನಿನಲ್ಲಿ, ಊರಿನ ಲಿಪಿಯಲ್ಲಿ. ಅದರಲ್ಲಿ ಪಾಸಾಗದ ಸೈಟು ಎಷ್ಟು ದುಬಾರಿಯದಾದರೂ, ಪಾಸಾದ ಬಿಟ್ಟಿ ಬ್ಲಾಗಿಗಿಂತ ಕೆಳಗಿನದು.