‘ಇಲ್ಲೇ ಹತ್ರ’ ಎಂಬ ಸಂಚಾರ ನಿಯಮ

ಕುಂದಾಪುರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬ್ರಹ್ಮಾವರದ ಕಡೆ ಹೊರಟವರು ಕೋಟೇಶ್ವರ, ತೆಕ್ಕಟ್ಟೆ, ಕೋಟ ದಾಟುವಷ್ಟರಲ್ಲಿ ಎದುರಿನಿಂದ ಬರುವ ಸ್ಕೂಟರುಗಳಿಗೆ ಒಗ್ಗಿಬಿಟ್ಟಿರುತ್ತಾರೆ. ಎದುರಿನಿಂದ ಅಂದರೆ ಡಿವೈಡರಿನ ಆಚೆಗಲ್ಲ, ನಮ್ಮದೇ ಬದಿಯಲ್ಲಿ, ಬಿಳಿ ಗೆರೆಯ ಅಂಚು ಹಿಡಿದು. ಲೈಟು ಹಾಕಿಕೊಂಡು ಬಂದರೆ ಸಾಕು, ಸವಾರನ ಪಾಲಿಗೆ ಎಲ್ಲ ಎಚ್ಚರಿಕೆಯೂ ಮುಗಿಯಿತು. ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲಿದೆ: “ಹ್ವಾಯ್, ಇಲ್ಲೇ ಹತ್ರ ಹೋಪ್ದ್ ಮಾರಾಯ್ರೆ!”

ಈ ರೂಢಿ ಹುಟ್ಟಿದ್ದಕ್ಕೆ ರಸ್ತೆಯೂ ಹೊಣೆ. ಹೆದ್ದಾರಿ 17 ಎಂಬ ಹೆಸರಿದ್ದ ಕಾಲದಲ್ಲಿ ಬೇಕಾದಲ್ಲಿ ದಾಟಿ ಮನೆ ಸೇರಬಹುದಿತ್ತು. ಚತುಷ್ಪಥ ಬಂದು ಊರನ್ನು ಎರಡು ಹೋಳು ಮಾಡಿತು; ಮನೆ ಒಂದು ಬದಿ, ಅಂಗಡಿ ಇನ್ನೊಂದು ಬದಿ. ಸರ್ವಿಸ್ ರಸ್ತೆ ಎಲ್ಲ ಕಡೆ ಜೊತೆಗೆ ಬರಲಿಲ್ಲ. ಕುಂದಾಪುರ ಶಾಸ್ತ್ರಿ ಸರ್ಕಲ್ಲಿನ ಮೇಲ್ಸೇತುವೆ ವರ್ಷಗಟ್ಟಲೆ ಅರೆಬರೆ ನಿಂತಿತ್ತು. ಅಂಥ ದಿನಗಳಲ್ಲಿ ರಾಂಗ್ ಸೈಡ್ ಹಿಡಿದವರನ್ನು ಬೈಯಲು ನನಗೆ ಮನಸ್ಸಿಲ್ಲ.

ಆದರೆ ಸರ್ವಿಸ್ ರಸ್ತೆ ಇರುವಲ್ಲಿಯೂ ನಾವು ಮಾಡುತ್ತಿರುವುದೇನು? ಅದರ ಒಂದು ಬದಿಯನ್ನು ನಿಲ್ಲಿಸಿದ ಕಾರುಗಳು, ಮೀನಿನ ಟೆಂಪೊ, ಅಂಗಡಿಯ ಬೋರ್ಡು ತಿಂದಿರುತ್ತವೆ. ಉಳಿದ ಜಾಗದಲ್ಲಿ ಬೈಕುಗಳು ಎರಡೂ ದಿಕ್ಕಿಗೆ ಓಡುತ್ತವೆ. ಶಾಲೆಗೆ ಸೈಕಲ್ ತುಳಿಯುವ ಹುಡುಗಿಯನ್ನು ಇಲ್ಲಿ ಗಮನಿಸಬೇಕು. ಎಡಕ್ಕೆ ಸರಿದರೆ ಕಾರಿನ ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಿಲ್ಲ, ಬಲಕ್ಕೆ ಸರಿದರೆ ಹಿಂದಿನಿಂದ ಬರುವ ಬಸ್ಸು, ನೇರ ಹೋದರೆ ಎದುರಿಗೆ ‘ಇಲ್ಲೇ ಹತ್ರ’ದವನು. ಅವಳು ಇಳಿದು ಸೈಕಲ್ ತಳ್ಳುತ್ತಾಳೆ. ಅವನು ಹಾರ್ನ್ ಹೊಡೆದು ಹೋಗುತ್ತಾನೆ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ 2006-07ರಿಂದ ಸೈಕಲ್ ಕೊಡತೊಡಗಿತು. ತುಳಿಯಲು ದಾರಿ ಕೊಡುವುದನ್ನು ಮಾತ್ರ ಯಾರೂ ಯೋಚಿಸಲಿಲ್ಲ.

ಸೈಕಲ್ಲಿಗೆಂದೇ ಪಥ ಮಾಡಿದರೆ ಸರಿಹೋದೀತು ಎನ್ನುವವರು ಬೆಂಗಳೂರಿನ ಹೊರ ವರ್ತುಲ ರಸ್ತೆಯನ್ನು ನೆನೆಯಲಿ. ಸಿಲ್ಕ್ ಬೋರ್ಡ್–ಕೆ.ಆರ್. ಪುರದ ನಡುವೆ 2020ರಲ್ಲಿ ಗೂಟ ನೆಟ್ಟು ಸೈಕಲ್ ಪಥ ಶುರುಮಾಡಿದರು. ಬೈಕುಗಳು ಅದರೊಳಗೇ ನುಗ್ಗಿದವು; ಮುಂದೆ ಮೆಟ್ರೊ ಕಾಮಗಾರಿಯ ನಡುವೆ ಪಥವೂ ಉಳಿಯಲಿಲ್ಲ.

ಸೈಕಲ್ ಸವಾರರೆಲ್ಲ ಸಾಧುಗಳೆಂದೇನೂ ಅಲ್ಲ. ಹವ್ಯಾಸಕ್ಕೆಂದು ಗುಂಪಾಗಿ ಹೊರಟು, ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕೆ ಇರುವ ಮರವಂತೆಯಲ್ಲಿ ಮೂವರು ಸಾಲಾಗಿ ಹರಟುತ್ತ ಹೋದರೆ ಹಿಂದಿನ ಲಾರಿಯವನಿಗೆ ಸಿಟ್ಟು ಬರದೆ ಇದ್ದೀತೇ? ಆದರೂ ಎರಡು ತಪ್ಪಿಗೂ ಒಂದೇ ತೂಕವಲ್ಲ. ಅವರು ವೇಗ ತಗ್ಗಿಸುತ್ತಾರೆ, ರಾಂಗ್ ಸೈಡಿನ ಬೈಕು ಎದುರಿನವನ ವೇಗಕ್ಕೆ ತನ್ನದನ್ನೂ ಸೇರಿಸುತ್ತದೆ. ಮೋಟಾರು ವಾಹನ ಕಾಯ್ದೆಯ 184ನೇ ಕಲಮು 2019ರ ತಿದ್ದುಪಡಿಯ ನಂತರ ವಿರುದ್ಧ ದಿಕ್ಕಿನ ಚಾಲನೆಯನ್ನು ಅಪಾಯಕಾರಿ ಚಾಲನೆ ಎಂದೇ ಹೆಸರಿಸಿದೆ.

ಬ್ರಹ್ಮಾವರದಿಂದ ಬೈಂದೂರಿನವರೆಗೆ ಸರ್ವಿಸ್ ರಸ್ತೆ ಇಲ್ಲದಲ್ಲಿ ಹೆದ್ದಾರಿ ಪ್ರಾಧಿಕಾರ ಅದನ್ನು ಕೊಡಲಿ. ಇರುವಲ್ಲಿ ನಿಂತ ವಾಹನಗಳನ್ನು ಪೊಲೀಸರು ಎಬ್ಬಿಸಲಿ, ಹೆಲ್ಮೆಟ್ ನೋಡಲು ನಿಂತಲ್ಲೇ ರಾಂಗ್ ಸೈಡಿನವರನ್ನೂ ತಡೆಯಲಿ. ಅಷ್ಟರವರೆಗೆ ಮುಂದಿನ ಜಂಕ್ಷನ್ನಿಗೆ ಹೋಗಿ ತಿರುಗಿಸಿಕೊಂಡು ಬನ್ನಿ ಮಾರಾಯ್ರೆ, ಒಂದಿಷ್ಟು ಪೆಟ್ರೋಲು ಹೋದರೆ ಹೋಗಲಿ.